ಜೈಸಲ್ಮೇರಿನ ಎರೆಭೂತವನ್ನು ಡೋಣಿ ದಂಡೆಗೆ ತರಲಾದೀತೆ?

ಪ್ರಶ್ನೆ (ತಾಳಿಕೋಟೆ ಕಡೆಯವ)

ನಮ್ಮ ಅಜ್ಜ ಡೋಣಿ ಹೊಳೆಯ ದಂಡೆಯ ಹೊಲದಲ್ಲಿ ಬಿಳಿಜೋಳ ಕಾಯುತ್ತಿದ್ದ ಕಾಲದ ಮಾತು ತೆಗೆದಾಗಲೆಲ್ಲ ಎರೆಭೂತದ ಹೆಸರು ಬರುತ್ತಿತ್ತು. ಚಿಕ್ಕಂದಿನಲ್ಲಿ ನಾನು ಅದನ್ನು ದೆವ್ವವೆಂದೇ ತಿಳಿದು, ಹೊತ್ತು ಮುಳುಗಿದ ಮೇಲೆ ಹೊಲದ ಕಡೆ ಹೋಗಲು ಅಂಜುತ್ತಿದ್ದೆ. ಅದು ಒಂದು ಮೀಟರ್ ಎತ್ತರ ನಿಲ್ಲುವ, ಗಂಡಾದರೆ 15 ಕಿಲೋದವರೆಗೂ ತೂಗುವ, ಇಂಗ್ಲಿಷಿನಲ್ಲಿ ಗ್ರೇಟ್ ಇಂಡಿಯನ್ ಬಸ್ಟರ್ಡ್ ಎನ್ನುವ ಹಕ್ಕಿಯೆಂದು ಗೊತ್ತಾದದ್ದು ಕಾಲೇಜಿಗೆ ಬಂದ ಮೇಲೆ. ರಾಜಸ್ಥಾನದಲ್ಲಿ ಕೃತಕ ಗರ್ಭಧಾರಣೆಯಿಂದ ಇದರ ಮರಿ ಹುಟ್ಟಿದೆಯೆಂದು ಓದಿದೆ. ಅಲ್ಲಿ ಬೆಳೆಸಿದ ನಾಲ್ಕಾರು ಹಕ್ಕಿಗಳನ್ನು ವಿಜಯಪುರ ಜಿಲ್ಲೆಯ ಎರೆನೆಲಕ್ಕೆ ತಂದು ಬಿಡಲು ಸಾಧ್ಯವೇ? ತಿಳಿದವರು ವಿವರಿಸಬೇಕು.

ಉತ್ತರ (ಪ್ರಾಣಿಶಾಸ್ತ್ರ ಕಲಿಸುವವ, ವಿಜಯಪುರ)

ತಾವು ಓದಿದ್ದು ನಿಜ. ಜೈಸಲ್ಮೇರ್ ಜಿಲ್ಲೆಯ ರಾಮ್‌ದೇವ್‌ರಾ ಕೇಂದ್ರದಲ್ಲಿ ಗಂಡಿನಿಂದ ವೀರ್ಯ ಸಂಗ್ರಹಿಸಿ, ಅದನ್ನು ಸಮ್ ಎಂಬಲ್ಲಿಯ ಕೇಂದ್ರಕ್ಕೆ ಒಯ್ದು ಹೆಣ್ಣಿಗೆ ಸೇರಿಸಿದರು. 2024ರ ಅಕ್ಟೋಬರ್‌ನಲ್ಲಿ ಮರಿ ಹೊರಬಂತು. ಆದರೆ ಅಷ್ಟಕ್ಕೇ ಐದು ವರ್ಷ ಹಿಡಿದಿತ್ತು. 2019ರಲ್ಲಿ ಭಾರತೀಯ ವನ್ಯಜೀವಿ ಸಂಸ್ಥೆಯವರು ಮರುಭೂಮಿಯಿಂದ ಮೊಟ್ಟೆಗಳನ್ನು ಎತ್ತಿ ತಂದು, ಯಂತ್ರದಲ್ಲಿ ಕಾವು ಕೊಟ್ಟು ಶುರು ಮಾಡಿದ ಕೆಲಸವಿದು.

ಎರೆಭೂತ ಗೂಡು ಕಟ್ಟುವುದಿಲ್ಲ. ಬರಿ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆಯಿಟ್ಟು ಸುಮಾರು ನಾಲ್ಕು ವಾರ ಕಾವಿಗೆ ಕೂರುತ್ತದೆ. ನಾಯಿಯೋ ನರಿಯೋ ಬಾಯಿ ಹಾಕಿತೆಂದರೆ ಅಲ್ಲಿಗೆ ಮುಗಿಯಿತು. ಮರಿ ಪ್ರಾಯಕ್ಕೆ ಬರಲೂ ವರ್ಷಗಳೇ ಬೇಕು, ಕೋಳಿ ಸಾಕಣೆಯ ಲೆಕ್ಕ ಇಲ್ಲಿ ನಡೆಯದು. ಬಯಲಿನಲ್ಲಿ ಉಳಿದಿರುವುದು 150ಕ್ಕೂ ಕಡಿಮೆಯೆಂಬ ಅಂದಾಜಿರುವಾಗ, ಸೆರೆಯಲ್ಲಿರುವ ಹಕ್ಕಿಗಳನ್ನು ಬಿತ್ತನೆಯ ಕಾಳಿನಂತೆ ಎತ್ತಿಡಬೇಕಾಗುತ್ತದೆ. ಬರಗಾಲದಲ್ಲೂ ಆ ಚೀಲಕ್ಕೆ ಕೈಹಾಕದ ಹಿರಿಯರ ಲೆಕ್ಕವೇ ಇದು. ಇನ್ನೊಂದು ತೊಡಕೆಂದರೆ, ಮನುಷ್ಯನ ಕೈಯಲ್ಲಿ ಬೆಳೆದ ಮರಿ ಮನುಷ್ಯನನ್ನೇ ನೆಚ್ಚುತ್ತದೆ. ಆದ್ದರಿಂದ ಬಯಲಿಗೆ ಬಿಡಲು ತಕ್ಕವು ಅವುಗಳ ಮುಂದಿನ ಪೀಳಿಗೆಯವು, ಅದೂ ಜನರ ಸಂಪರ್ಕವಿಲ್ಲದೆ ಬೆಳೆದವು.

ಉತ್ತರ (ರೈತ, ಬಸವನ ಬಾಗೇವಾಡಿ ತಾಲ್ಲೂಕು)

ಹಕ್ಕಿ ಕೊಟ್ಟರೆಂದೇ ಇಟ್ಟುಕೊಳ್ಳೋಣ, ಬಿಡುವುದೆಲ್ಲಿ? ನನ್ನ ಹೊಲದ ಬದುವಿನ ಮೇಲೆ ನಿಂತರೆ ದೊಡ್ಡ ತಂತಿಯ ಮೂರು ಸಾಲು, ಅವುಗಳಾಚೆ ಗಾಳಿಯಂತ್ರಗಳು ಕಾಣುತ್ತವೆ. ಎರೆಭೂತದ ಕಣ್ಣುಗಳು ತಲೆಯ ಅಕ್ಕಪಕ್ಕದಲ್ಲಿರುವುದರಿಂದ, ನೆಲ ನೋಡುತ್ತ ಹಾರುವಾಗ ನೇರ ಎದುರಿಗಿರುವ ತಂತಿ ಅದಕ್ಕೆ ಕಾಣುವುದಿಲ್ಲ. ಕಂಡರೂ ಆ ಭಾರದ ಮೈಯನ್ನು ಗಕ್ಕನೆ ತಿರುಗಿಸಲಾಗದು. ಹೋದ ಬೇಸಿಗೆಯಲ್ಲಿ ನಮ್ಮಲ್ಲಿ ತಂತಿಯ ಕೆಳಗೆ ನವಿಲೊಂದು ಬಿದ್ದಿತ್ತು. ರೆಕ್ಕೆ ಬುಡದಲ್ಲೇ ಮುರಿದಿತ್ತು, ಗರಿಯಲ್ಲಿ ಸುಟ್ಟ ಗುರುತು ಒಂದೂ ಇರಲಿಲ್ಲ. ಕರೆಂಟು ಹೊಡೆದದ್ದಲ್ಲ, ಬಡಿದು ಸತ್ತದ್ದು.

ರಾಜಸ್ಥಾನ ಮತ್ತು ಗುಜರಾತಿನಲ್ಲಿ ಈ ತಂತಿಗಳನ್ನು ನೆಲದೊಳಗೆ ಹಾಕಬೇಕೆಂದು ಸುಪ್ರೀಂ ಕೋರ್ಟು 2021ರಲ್ಲಿ ಹೇಳಿ, 2024ರಲ್ಲಿ ಆ ಆದೇಶವನ್ನು ಸಡಿಲಿಸಿ ತಜ್ಞರ ಸಮಿತಿಗೆ ಒಪ್ಪಿಸಿತು. ಹಕ್ಕಿಗಳಿರುವಲ್ಲೇ ಇಷ್ಟು ಜಗ್ಗಾಟವಿದ್ದರೆ, ಹಕ್ಕಿಯೇ ಇಲ್ಲದ ನಮ್ಮ ಕಡೆ ತಂತಿ ಹೂಳುವವರು ಯಾರು?

ಉತ್ತರ (ಇಂಡಿ ತಾಲ್ಲೂಕಿನಿಂದ)

ಗಡಿಯಾಚೆ ಸೊಲ್ಲಾಪುರದ ಹತ್ತಿರ ನಾನ್ನಜ್ ಇದೆ. 1979ರಲ್ಲಿ ಎರೆಭೂತಕ್ಕೆಂದೇ ಘೋಷಿಸಿದ ಅಭಯಾರಣ್ಯವದು. ಊರು, ಹೊಲಗಳನ್ನೆಲ್ಲ ಸೇರಿಸಿಕೊಂಡು ಕಾಗದದ ಮೇಲೆ ಮೊದಲಿಗೆ 8,000 ಚದರ ಕಿಲೋಮೀಟರಿಗೂ ಹೆಚ್ಚಿತ್ತು. ಆದರೂ ಅಲ್ಲಿ ಹಕ್ಕಿ ಉಳಿಯಲಿಲ್ಲವೆಂದೇ ಹೇಳಬೇಕು. ಆದ್ದರಿಂದ ನಕ್ಷೆಯಲ್ಲಿ ಗೆರೆ ಎಳೆಯುವುದರ ಮೇಲೆ ನನಗೆ ಹೆಚ್ಚು ನಂಬಿಕೆಯಿಲ್ಲ.

ಮಳೆ ನಂಬಿದ ಜೋಳ, ಕಡಲೆಯ ಹೊಲ ಮತ್ತು ಕುರಿ ಮೇಯುವ ಗಾಯರಾಣ ಈ ಹಕ್ಕಿಗೆ ಎಂದೂ ವೈರಿಯಾಗಿರಲಿಲ್ಲ. ಮಿಡತೆ, ದುಂಬಿ, ಓತಿಕ್ಯಾತ, ಕಾಳು ಎಲ್ಲವೂ ಅಲ್ಲೇ ಸಿಗುತ್ತಿದ್ದವು. ಕಾಲುವೆ ಬಂದು ಕಬ್ಬು ಹಚ್ಚಿದಾಗ, ಹುಲ್ಲುಗಾವಲನ್ನು ಬಂಜರೆಂದು ಬಗೆದು ನೀಲಗಿರಿ ನೆಟ್ಟಾಗ ಅದರ ನೆಲೆ ಹೋಯಿತು. ಕರ್ನಾಟಕಕ್ಕೆ ಮುಂದೆಂದಾದರೂ ಹಕ್ಕಿ ಕೊಡುವುದಾದರೆ ಮೊದಲ ಹಕ್ಕು ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ್ದು, ಏಕೆಂದರೆ ಈಚಿನವರೆಗೂ ಅವು ಕಂಡದ್ದು ಅಲ್ಲಿ.

ಪ್ರಶ್ನೆ ಕೇಳಿದವ

ಅಜ್ಜನ ಆ ಹೊಲದಲ್ಲಿ ಈಗ ಕಬ್ಬಿದೆ, ಹಚ್ಚಿದವನೂ ನಾನೇ. ಅದನ್ನು ಕಿತ್ತು ಜೋಳ ಬಿತ್ತುತ್ತೇನೆಂದರೆ ಸುಳ್ಳಾದೀತು. ಆದರೆ ನಮ್ಮೂರ ಗಾಯರಾಣ ಇನ್ನೂ ಹುಲ್ಲಾಗಿಯೇ ಉಳಿದಿದೆ, ದೀಪಾವಳಿಯ ನಂತರ ಕುರಿ ಹಿಂಡು ಬಂದು ತಂಗುತ್ತವೆ. ಅಲ್ಲಿ ಸಸಿ ನೆಡುವ ಮಾತು ಪಂಚಾಯಿತಿಯಲ್ಲಿ ನಡೆದಿದೆ. ಸಸಿ ಬೇಕಾದರೆ ರಸ್ತೆಯ ಬದಿಗೆ ನೆಡಿರೆಂದು ಮುಂದಿನ ಗ್ರಾಮಸಭೆಯಲ್ಲಿ ಕೇಳುವವನಿದ್ದೇನೆ.