ವೃದ್ಧರ ಬಗ್ಗೆ ಪಾಠ ಮಾಡೋರು ಅಸೋಸಿಯೇಷನ್‌ಗೆ ಸೇರಿದ್ರೆ ನಿಜವಾಗ್ಲೂ ಉಪಯೋಗ ಇದೆಯಾ?

ಕೆಂಗೇರಿ_ಮೇಡಂ
ನಮಸ್ಕಾರ ಎಲ್ರಿಗೂ. ನಾನು ಬೆಂಗಳೂರಲ್ಲೇ ಎಂಎಸ್‌ಡಬ್ಲ್ಯೂಗೆ (ಸಮಾಜಕಾರ್ಯದ ಮಾಸ್ಟರ್ಸ್) ಪಾಠ ಮಾಡ್ತೀನಿ. ಹೋದ ವರ್ಷ ಹಿರಿಯರ ಜೊತೆ ಸಮಾಜಕಾರ್ಯ ಅನ್ನೋ ಎಲೆಕ್ಟಿವ್ ನನ್ನ ತಲೆಗೆ ಕಟ್ಟಿದ್ರು, ಬೇರೆ ಯಾರೂ ತಗೊಳ್ಳಲ್ಲ ಅಂತ ಅಷ್ಟೇ ಕಾರಣ. ಡಿಪಾರ್ಟ್‌ಮೆಂಟಲ್ಲಿ ಈ ವಿಷಯ ಮಾತಾಡೋಕೆ ಒಬ್ರೂ ಇಲ್ಲ, ಸಿಲಬಸ್ ನಾನೇ ಮಾಡ್ಬೇಕು, ಪ್ರಶ್ನೆಪತ್ರಿಕೆ ನಾನೇ, ವೃದ್ಧಾಶ್ರಮಕ್ಕೆ ಫೀಲ್ಡ್‌ವರ್ಕ್‌ಗೆ ಹೋದ ಮಕ್ಕಳು "ಏನ್ ಮಾಡ್ಬೇಕು ಮೇಡಂ" ಅಂತ ಫೋನ್ ಮಾಡಿದ್ರೆ ನನಗೂ ಸರಿಯಾಗಿ ಗೊತ್ತಿರಲ್ಲ. ಅಮೆರಿಕದಲ್ಲಿ ಈ ವಿಷಯ ಕಲಿಸೋ ಸೋಷಿಯಲ್ ವರ್ಕ್ ಮೇಷ್ಟ್ರುಗಳದ್ದೇ ಎಜಿಇಎಸ್‌ಡಬ್ಲ್ಯೂ ಅಂತ ಒಂದು ಅಸೋಸಿಯೇಷನ್ ಇದೆಯಂತೆ, ಸೇರ್ಕೋ ಅಂತ ಸೀನಿಯರ್ ಒಬ್ರು ಹೇಳಿದ್ರು. ನಮ್ಮ ಎಚ್‌ಒಡಿ ಮಾತ್ರ "ದುಡ್ಡು ಕೊಟ್ಟು ಸರ್ಟಿಫಿಕೇಟ್ ತಗೊಂಡ ಹಾಗೆ" ಅಂತ ನಕ್ರು. ಸೇರಿದೋರು ಯಾರಾದ್ರೂ ಇದ್ರೆ ಹೇಳಿ ಪ್ಲೀಸ್.

ಬಸವನಗುಡಿ_ಮೇಷ್ಟ್ರು
ಮೇಡಂ, ನಿಮ್ಮ ಎಚ್‌ಒಡಿ ಹೇಳಿದ್ದು ಅರ್ಧ ಸರಿ. ನಾನು ಇಂಥ ಒಂದಕ್ಕೆ ಸೇರಿ ಮೊದಲ ಎರಡು ವರ್ಷ ಬಂದ ಮೇಲ್ ಓದ್ದೆ ಡಿಲೀಟ್ ಮಾಡ್ತಿದ್ದೆ, ದುಡ್ಡು ದಂಡ. ಆಮೇಲೆ ಒಂದು ಕಾನ್ಫರೆನ್ಸಲ್ಲಿ ಟೀ ಕ್ಯೂನಲ್ಲಿ ನಿಂತಾಗ ಮಂಗಳೂರಿನ ಮೇಡಂ ಒಬ್ರು ಸಿಕ್ಕಿದ್ರು, ಅವರೂ ನಿಮ್ಮ ಹಾಗೇ ಡಿಪಾರ್ಟ್‌ಮೆಂಟಲ್ಲಿ ಒಬ್ಬಂಟಿ. ಪ್ರಶ್ನೆಪತ್ರಿಕೆ ಬದಲಾಯಿಸ್ಕೊಂಡ್ವಿ. ಅವರ ಹತ್ರ ಒಂದು ಫೀಲ್ಡ್‌ವರ್ಕ್ ಪದ್ಧತಿ ಇತ್ತು, ಸ್ಟೂಡೆಂಟ್ ಮೊದಲನೇ ವಾರ ಏನೂ ಕೇಳ್ಬಾರ್ದು, ಒಬ್ಬ ಹಿರಿಯರ ಜೊತೆ ಬೆಳಗಿನ ಕಾಫಿಯಿಂದ ಸಂಜೆ ತನಕ ಸುಮ್ನೆ ಕೂತು, ನೋಡಿದ್ದನ್ನ ಗಂಟೆ ಲೆಕ್ಕದಲ್ಲಿ ಬರೀಬೇಕು. ಅದುವರೆಗೂ ನಮ್ಮ ಮಕ್ಕಳ ರಿಪೋರ್ಟಲ್ಲಿ "ಅಜ್ಜಿ ಚೆನ್ನಾಗಿ ಸಹಕರಿಸಿದರು" ಅಂತ ಒಂದೇ ಲೈನು. ಇದನ್ನ ಶುರು ಮಾಡಿದ್ಮೇಲೆ ಒಬ್ಬ ಹುಡುಗ ಬರ್ಕೊಂಡ್ ಬಂದಿದ್ದ: ಅಜ್ಜಿ ಊಟಕ್ಕೆ ಹೋದ್ರೂ ವ್ಯಾನಿಟಿ ಬ್ಯಾಗ್ ಮಡಿಲಿಂದ ಇಳಿಸಲಿಲ್ಲ, ಯಾಕಂದ್ರೆ ಕಪಾಟಿನ ಬೀಗದ ಕೈ ವಾರ್ಡನ್ ಹತ್ರ ಇರುತ್ತೆ. ಆ ಒಂದು ಸಾಲಿನ ಮೇಲೆ ಎರಡು ಕ್ಲಾಸ್ ತಗೊಂಡೆ ನಾನು. ನನಗೆ ಮೆಂಬರ್‌ಶಿಪ್ ಅಂದ್ರೆ ಆ ಟೀ ಕ್ಯೂ.

ಇನ್ನು ನೀವು ಹೇಳಿದ ಅಮೆರಿಕದ್ದು. 1978ರಿಂದ ಬರ್ತಿರೋ ಜರ್ನಲ್ ಆಫ್ ಜೆರೊಂಟಲಾಜಿಕಲ್ ಸೋಷಿಯಲ್ ವರ್ಕ್ ಅವರ ಜರ್ನಲ್ (ಜೆರೊಂಟಾಲಜಿ ಅಂದ್ರೆ ವಯಸ್ಸಾಗೋದರ ಅಧ್ಯಯನ). ಪಿಎಚ್‌ಡಿ ಮಾಡೋರಿಗೆ ಪ್ರಬಂಧ ಶುರು ಮಾಡೋಕ್ ಮುಂಚೆನೇ ಒಂದು ಫೆಲೋಶಿಪ್ ಇಟ್ಟು ಗೈಡ್ ಮಾಡ್ತಾರೆ, ಈ ತರದ್ದು ನಮ್ಮಲ್ಲಿ ಇದ್ದಿದ್ರೆ ಅನ್ಸುತ್ತೆ. ನಮ್ಮ ದೇಶದಲ್ಲೇ ಬೇಕು ಅಂದ್ರೆ ಅಸೋಸಿಯೇಷನ್ ಆಫ್ ಜೆರೊಂಟಾಲಜಿ ಇಂಡಿಯಾ ಇದೆ, 1982ರದ್ದು, ಆದ್ರೆ ಅದು ಮೇಷ್ಟ್ರುಗಳದ್ದೇ ಅಲ್ಲ, ಬಯಾಲಜಿಯವರು, ಡಾಕ್ಟರ್‌ಗಳು ಎಲ್ಲಾ ಇರ್ತಾರೆ.

ಗೆಸ್ಟ್_ಲೆಕ್ಚರರ್_ಪಾಡು
ಸಾರ್ ಟೀ ಕ್ಯೂ ಕಥೆ ಚೆನ್ನಾಗಿದೆ, ಆದ್ರೆ ನನ್ನಂಥವನಿಗೆ ಸಂಬಳನೇ ಮೂರು ತಿಂಗಳಿಗೊಮ್ಮೆ ಬರೋದು, ಡಾಲರ್ ಲೆಕ್ಕದ ಫೀಸ್ ಎಲ್ಲಿಂದ ತರ್ಲಿ. ಇನ್ನು ವೆಬಿನಾರ್, ನ್ಯೂಯಾರ್ಕಲ್ಲಿ ಮಧ್ಯಾಹ್ನ 1 ಅಂದ್ರೆ ನಮಗೆ ರಾತ್ರಿ 10:30, ಚಳಿಗಾಲದಲ್ಲಿ 11:30. ಅಷ್ಟು ಹೊತ್ತು ಕೂತು ಕೇಳಿದ್ರೆ ಮೆಡಿಕೇರ್, ಸೋಷಿಯಲ್ ಸೆಕ್ಯೂರಿಟಿ ಅಂತ ಬರೀ ಅಮೆರಿಕದ ಸ್ಕೀಮ್‌ಗಳು. ನಮ್ಮ ಮಕ್ಕಳು ಫೀಲ್ಡಲ್ಲಿ ನೋಡೋದು ಹಿರಿಯರ ಸಂಧ್ಯಾ ಸುರಕ್ಷಾ ಪೆನ್ಶನ್ ಯಾಕೆ ನಿಂತುಹೋಯ್ತು ಅಂತ ನಾಡಕಚೇರಿ ಮುಂದೆ ನಿಂತಿರೋ ತಾತನ್ನ. ಇದನ್ನ ಯಾವ ಅಸೋಸಿಯೇಷನ್ ಹೇಳ್ಕೊಡುತ್ತೆ?

ಎಸಿ_ಆಫೀಸ್_ಬೆಂಚು
ಮೇಲಿನವರ ಮಾತು ನಿಜ, ಆದ್ರೆ ಅದಕ್ಕೇ ನಮ್ಮವರು ಒಟ್ಟು ಸೇರ್ಬೇಕು ಅನ್ನೋದು. ನಾನು ಪಾಠ ಮಾಡಲ್ಲ, ಹಿರಿಯರ ಕೇಸ್ ನೋಡ್ತೀನಿ. 2007ರ ಪೋಷಕರ ನಿರ್ವಹಣೆ ಕಾಯ್ದೆ ಇದೆಯಲ್ಲ, ಅದರ ಸೆಕ್ಷನ್ 17 ಪ್ರಕಾರ ಹಿರಿಯರ ಅರ್ಜಿ ಕೇಳೋ ಟ್ರಿಬ್ಯುನಲ್ ಮುಂದೆ ವಕೀಲರು ನಿಲ್ಲೋ ಹಾಗಿಲ್ಲ ಅಂತ ಬರ್ದಿದ್ದಾರೆ (ಕೋರ್ಟುಗಳಲ್ಲಿ ಇದರ ಮೇಲೆ ವಾದ ನಡೆದಿದೆ, ಅದು ಬೇರೆ ವಿಷಯ). ಅಂದ್ರೆ ಮನೆ ಮಗನ ಹೆಸರಿಗೆ ಬರ್ಕೊಟ್ಟು ಹೊರಗೆ ಬಿದ್ದಿರೋ ಅಮ್ಮನಿಗೆ, ಆ ಬರ್ಕೊಟ್ಟಿದ್ದನ್ನ ರದ್ದು ಮಾಡಿ ಅಂತ ಸೆಕ್ಷನ್ 23ರಲ್ಲಿ ಅರ್ಜಿ ಬರೆಯೋಕೆ ಜೊತೆಗಿರೋದು ನಿಮ್ಮ ಸ್ಟೂಡೆಂಟೇ. ನನ್ನ ಹತ್ರ ಟ್ರೈನಿಂಗ್‌ಗೆ ಬರೋ ಮಕ್ಕಳು ಮನಶ್ಶಾಸ್ತ್ರಜ್ಞ ಎರಿಕ್ಸನ್ ಹೇಳಿದ ಬದುಕಿನ ಎಂಟು ಹಂತ ಬಾಯಿಪಾಠ ಹೇಳ್ತಾರೆ, ಗಿಫ್ಟ್ ಡೀಡ್‌ಗೂ ವಿಲ್‌ಗೂ ವ್ಯತ್ಯಾಸ ಕೇಳಿದ್ರೆ ಮುಖ ನೋಡ್ತಾರೆ. ಒಂದೊಂದು ಕಾಲೇಜಿಗೂ ಹೋಗಿ ಹೇಳೋಕಾಗುತ್ತಾ? ಮೇಷ್ಟ್ರುಗಳು ಒಂದ್ ಕಡೆ ಸೇರಿದ್ರೆ ಒಂದ್ಸಲ ಹೇಳಿದ್ರೆ ಸಾಕು.

ಇನ್ನೊಂದು, 2011ರಲ್ಲಿ ನಮ್ಮ ನಾಗರಭಾವಿಯ ಐಸೆಕ್ ಅನ್ನೋ ಸಂಶೋಧನಾ ಸಂಸ್ಥೆನೂ ಸೇರಿ ವಯಸ್ಸಾದವರ ಮೇಲೆ ದೊಡ್ಡ ಸರ್ವೆ ಮಾಡಿದ್ರು, 7 ರಾಜ್ಯ, ಅದರಲ್ಲಿ ಕರ್ನಾಟಕನೇ ಇಲ್ಲ! ತಮಿಳುನಾಡು ಇದೆ, ಕೇರಳ ಇದೆ. ಆಮೇಲೆ 2017-18ರ ಲಾಸಿ ಅನ್ನೋ ದೇಶದ ಸರ್ವೆಯಲ್ಲಿ ಕರ್ನಾಟಕ ಬಂತು ಬಿಡಿ, ಆದ್ರೂ ಪಾಠಕ್ಕೆ ನಮ್ಮ ಊರಿನ ಕೇಸ್‌ಗಳು ಯಾರು ಬರೀತಾರೆ.

ಕೆಂಗೇರಿ_ಮೇಡಂ
ಎಲ್ರಿಗೂ ತುಂಬಾ ಥ್ಯಾಂಕ್ಸ್. ಡಾಲರ್ದು ಸದ್ಯಕ್ಕೆ ಬೇಡ, ಆ ಜರ್ನಲ್ ಲೈಬ್ರರಿಯಲ್ಲಿ ಸಿಗುತ್ತಾ ನೋಡ್ತೀನಿ, ಇಲ್ಲಿಂದು ಮೊದ್ಲು ಸೇರ್ತೀನಿ. ಮೇಷ್ಟ್ರೇ, ಆ ಗಂಟೆ ಲೆಕ್ಕದ ಫಾರ್ಮ್ಯಾಟ್ ಕಳಿಸ್ತೀರಾ?

ಬಸವನಗುಡಿ_ಮೇಷ್ಟ್ರು
ಬುಧವಾರ ಫೀಲ್ಡ್‌ವರ್ಕ್ ಮುಗಿಸ್ಕೊಂಡು ಬಂದು ಕಳಿಸ್ತೀನಿ. ನಿಮ್ಮ ಹೋದ ವರ್ಷದ ಪ್ರಶ್ನೆಪತ್ರಿಕೆ ಈಗ್ಲೇ ಕಳ್ಸಿ, ನಂದು ಸೋಮವಾರದೊಳಗೆ ಸೆಟ್ ಮಾಡಿ ಕೊಡ್ಬೇಕು, ಇನ್ನೂ ಮುಟ್ಟಿಲ್ಲ.