ಮದುವೆಯೊಳಗೆ ಪುಟ್ಟಿಯ ಹಲ್ಲು ಸಾಲಿಗೆ ಬರುತ್ತಾ? ಅತ್ತಿಗೆ ಕೇಳಿದ್ದಕ್ಕೆ ಉತ್ತರ

ಅತ್ತಿಗೆ, ನಿಮ್ಮ ಮೆಸೇಜ್ ನೋಡಿದೆ. ಪುಟ್ಟಿಯ ಹಲ್ಲಿನ ಫೋಟೊನೂ ನೋಡಿದೆ. ಟೈಪ್ ಮಾಡುತ್ತಾ ಕೂತರೆ ಅರ್ಧ ವಿಷಯ ಬಿಟ್ಟುಹೋಗುತ್ತದೆ, ಅದಕ್ಕೆ ಮಾತಾಡಿಯೇ ಕಳಿಸುತ್ತಿದ್ದೇನೆ. ಉದ್ದ ಆಗುತ್ತದೆ. ಕೆಲಸ ಮಾಡುತ್ತಾ ಕೇಳಿ, ಆದರೆ ಪೂರ್ತಿ ಕೇಳಿ.

ಗ್ರೂಪಿನಲ್ಲಿ ಉಳಿದವರಿಗೂ ಗೊತ್ತಾಗಲಿ ಅಂತ ಹೇಳುತ್ತೇನೆ. ಪುಟ್ಟಿಯ ನಿಶ್ಚಿತಾರ್ಥ ಕಾರ್ತೀಕದಲ್ಲಿ ಆಯಿತು, ಮದುವೆ ವೈಶಾಖದಲ್ಲಿ. ತಂತಿ ಬೇಡ, ಕಾಣದ ಹಾಗಿರುವ ಪ್ಲಾಸ್ಟಿಕ್ ಅಲೈನರ್ ಹಾಕೋಣ, ಆರು ತಿಂಗಳಲ್ಲಿ ಹಲ್ಲು ಸಾಲಿಗೆ ಬರುತ್ತದೆ ಅಂತ ಒಂದು ಕ್ಲಿನಿಕ್‌ನವರು ಹೇಳಿದ್ದಾರೆ. ಈ ವಾರವೇ ಅಡ್ವಾನ್ಸ್ ಕಟ್ಟಿದರೆ ರಿಯಾಯಿತಿ ಅಂತೆ. ಕಟ್ಟಲಾ ಬೇಡವಾ ಅಂತ ಅತ್ತಿಗೆ ಕೇಳಿದ್ದಾರೆ.

ಈ ವಾರ ಕಟ್ಟಬೇಡಿ ಅತ್ತಿಗೆ. ಫೋಟೊ ನೋಡಿದರೆ ಪುಟ್ಟಿಯ ಹಲ್ಲಿಗೆ ಆರು ತಿಂಗಳು ಸಾಲುವುದಿಲ್ಲ ಅಂತ ಹಲ್ಲಿನ ಡಾಕ್ಟರಾಗಿ ನನಗೆ ಅನಿಸುತ್ತದೆ. ವರ್ಷ, ಒಂದೂವರೆ ವರ್ಷ ಅಂತ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಮಾಡಿಸಲೇಬೇಡಿ ಅಂತ ನಾನು ಹೇಳುತ್ತಿಲ್ಲ. ಮದುವೆ ದಿನಕ್ಕೆ ಗಂಟು ಹಾಕಬೇಡಿ, ಅಷ್ಟೇ.

ಆರು ತಿಂಗಳು ಅನ್ನುವ ಲೆಕ್ಕ ಎಲ್ಲಿಂದ ಬರುತ್ತದೆ ನೋಡಿ. ಅಲೈನರ್ ಅಂದರೆ ಹಲ್ಲಿನ ಮೇಲೆ ಕವಚದಂತೆ ಕೂರುವ ಒಂದೇ ಟ್ರೇ ಅಲ್ಲ, ಒಂದಾದ ಮೇಲೆ ಒಂದರಂತೆ ಹಾಕಿಕೊಳ್ಳುವ ಸಾಲು. ಒಂದೊಂದು ಟ್ರೇ ಹಲ್ಲನ್ನು ಹೆಚ್ಚೆಂದರೆ 0.25 ಮಿಲಿಮೀಟರ್‌ನಷ್ಟು ಸರಿಸುವ ಹಾಗೆ ಮಾಡಿರುತ್ತಾರೆ. ಒಬ್ಬರಿಗೆ 26 ಟ್ರೇ ಬೇಕು ಅಂತ ಇಟ್ಟುಕೊಳ್ಳಿ. ವಾರಕ್ಕೊಂದು ಬದಲಾಯಿಸಿದರೆ 26 ವಾರ, ಅಂದರೆ ಆರು ತಿಂಗಳು. ಎರಡು ವಾರಕ್ಕೊಂದು ಬದಲಾಯಿಸಿದರೆ ಅದೇ ಟ್ರೇಗಳಿಗೆ ಒಂದು ವರ್ಷ. ಬಾಯಿ ಅದೇ, ಟ್ರೇ ಅಷ್ಟೇ, ಲೆಕ್ಕ ಮಾತ್ರ ದುಪ್ಪಟ್ಟು. ಹೀಗಾಗಿ ತಿಂಗಳು ಕೇಳುವ ಮುಂಚೆ ಎರಡು ವಿಷಯ ಕೇಳಬೇಕು: ಒಟ್ಟು ಎಷ್ಟು ಟ್ರೇ, ಎಷ್ಟು ದಿನಕ್ಕೆ ಬದಲಾವಣೆ. ಇದಕ್ಕೆ ಉತ್ತರ ಕೊಡದೆ ಸುಮ್ನೆ ಆರು ತಿಂಗಳು ಅಂದರೆ ನಂಬಬೇಡಿ.

ಮುಂದಿನ ಹಲ್ಲು ಸ್ವಲ್ಪ ಒತ್ತೊತ್ತಾಗಿದ್ದರೆ, ಅಥವಾ ನಡುವೆ ಸಣ್ಣ ಸಂದಿ ಇದ್ದರೆ, ಮೂರರಿಂದ ಆರು ತಿಂಗಳಲ್ಲಿ ಮುಗಿಯುವುದುಂಟು. ಸುಳ್ಳಲ್ಲ. ಹೆಚ್ಚಿನವರಿಗೆ 12ರಿಂದ 18 ತಿಂಗಳು ಹಿಡಿಯುತ್ತದೆ. ಹಲ್ಲು ಕೀಳಿಸಿ ಜಾಗ ಮಾಡಬೇಕಾದವರಿಗೆ, ಮೇಲಿನ ಕೆಳಗಿನ ದವಡೆ ಸರಿಯಾಗಿ ಕೂಡದವರಿಗೆ ಎರಡು ವರ್ಷ, ಕೆಲವೊಮ್ಮೆ ಅದಕ್ಕೂ ಜಾಸ್ತಿ. ಪುಟ್ಟಿಗೆ ಎಡಗಡೆ ಕೋರೆಹಲ್ಲು ಮೇಲೆ ಏರಿ ಕೂತಿದೆ, ತಿರುಗಿದಂತೆಯೂ ಕಾಣುತ್ತದೆ. ಕೋರೆಹಲ್ಲಿನ ಬೇರು ಉದ್ದ. ಅದನ್ನು ಕೆಳಗೆ ಎಳೆಯುವುದು, ತಿರುಗಿಸುವುದು, ಎರಡೂ ಅಲೈನರ್‌ಗೆ ಕಷ್ಟದ ಕೆಲಸ. ನುಣುಪಾದ ಪ್ಲಾಸ್ಟಿಕ್ಕಿಗೆ ಹಿಡಿತ ಸಿಗುವುದಿಲ್ಲ. ಹಿಡಿತಕ್ಕೆ ಅಂತಲೇ ಹಲ್ಲಿನ ಬಣ್ಣದ ಸಣ್ಣ ಉಬ್ಬುಗಳನ್ನು ಅಂಟಿಸುತ್ತಾರೆ, ಅಟ್ಯಾಚ್‌ಮೆಂಟ್ ಅಂತಾರೆ. ಮೊದಲು ಅಕ್ಕಪಕ್ಕದಲ್ಲಿ ಜಾಗ ಆಗಬೇಕು, ಆಮೇಲೆ ಅದು ಇಳಿಯಬೇಕು. ಜಾಗಕ್ಕೆ ಹಲ್ಲುಗಳ ನಡುವೆ ಎನಾಮೆಲ್ ಅನ್ನು, ಅಂದರೆ ಹಲ್ಲಿನ ಹೊರಪದರವನ್ನು, ಕೂದಲೆಳೆಯಷ್ಟು ಉಜ್ಜಿದರೆ ಸಾಕಾ, ಹಲ್ಲು ಕೀಳಿಸಬೇಕಾ ಅನ್ನುವುದನ್ನು ಎಕ್ಸ್‌ರೇ ನೋಡಿದ ಮೇಲೆ ತೀರ್ಮಾನಿಸಬೇಕು. ಫೋಟೊದಲ್ಲಿ ಬೇರು ಕಾಣುವುದಿಲ್ಲ ಅಲ್ವಾ.

ಇನ್ನೊಂದು, ಆರು ತಿಂಗಳು ಇವತ್ತಿನಿಂದ ಶುರುವಾಗುವುದಿಲ್ಲ. ಮೊದಲು ಬಾಯಿ ನೋಡಬೇಕು, ಎಕ್ಸ್‌ರೇ ಆಗಬೇಕು, ಸ್ಕ್ಯಾನ್ ಆಗಬೇಕು. ಹುಳುಕು ಇದ್ದರೆ ತುಂಬಿಸಬೇಕು, ವಸಡಿನಲ್ಲಿ ರಕ್ತ ಬರುತ್ತಿದ್ದರೆ ಕ್ಲೀನಿಂಗ್ ಮಾಡಿಸಿ ಅದನ್ನು ವಾಸಿ ಮಾಡಬೇಕು. ಆಮೇಲೆ ಪ್ಲ್ಯಾನ್, ಆಮೇಲೆ ಟ್ರೇ ತಯಾರಾಗಿ ಬರಬೇಕು. ಇಷ್ಟಕ್ಕೇ ಒಂದು ತಿಂಗಳು ಸುಲಭವಾಗಿ ಹೋಗುತ್ತದೆ. ಹಾಗಾದರೆ ವೈಶಾಖಕ್ಕೆ ಉಳಿಯುವುದು ಎಷ್ಟು, ನೀವೇ ಲೆಕ್ಕ ಹಾಕಿ.

ದೊಡ್ಡಮ್ಮ ಕೇಳಿದ್ದರು, ಹಲ್ಲು ಸರಿಸಿದರೆ ಬುಡ ಸಡಿಲ ಆಗುವುದಿಲ್ವಾ ಅಂತ. ದೊಡ್ಡಮ್ಮ, ಸರಿಯುವಾಗ ಸ್ವಲ್ಪ ಅಲ್ಲಾಡುತ್ತದೆ, ಅದು ಸಹಜ. ಹಲ್ಲು ಮೂಳೆಗೆ ನೇರವಾಗಿ ಅಂಟಿಕೊಂಡಿಲ್ಲ. ನಡುವೆ ತೆಳುವಾದ ನಾರಿನ ಪದರ ಇದೆ. ಒಂದು ಕಡೆಯಿಂದ ಒತ್ತಡ ಬಿದ್ದಾಗ, ಹಲ್ಲು ಹೋಗುವ ಕಡೆ ಮೂಳೆ ಕರಗುತ್ತದೆ, ಹಿಂದೆ ಬಿಟ್ಟ ಕಡೆ ಹೊಸ ಮೂಳೆ ಕೂಡುತ್ತದೆ. ಇದನ್ನು ಮಾಡುವುದು ದೇಹವೇ. ಟ್ರೇ ಆಗಲಿ ತಂತಿ ಆಗಲಿ ಒತ್ತುತ್ತದೆ ಅಷ್ಟೇ. ತಿಂಗಳಿಗೆ ಸುಮಾರು ಒಂದು ಮಿಲಿಮೀಟರ್, ಅದೇ ಅದರ ನಡಿಗೆ. ಜೋರಾಗಿ ಒತ್ತಿದರೆ ಬೇಗ ಆಗುವುದಿಲ್ಲ, ಬೇರಿನ ತುದಿ ಸವೆಯುವ ಅಪಾಯ ಜಾಸ್ತಿಯಾಗುತ್ತದೆ. ಹಲ್ಲು ಬೇಗ ಸರಿಯಲಿ ಅಂತ ಕಚ್ಚಿ ಹಿಡಿಯುವ ಕಂಪನದ ಯಂತ್ರ ಕೂಡ ಮಾರುತ್ತಾರೆ. ಅದರಿಂದ ಸಮಯ ಉಳಿಯುತ್ತದೆ ಅನ್ನುವುದಕ್ಕೆ ಗಟ್ಟಿ ಆಧಾರ ಇಲ್ಲ. ದುಡ್ಡು ಹಾಕಬೇಡಿ.

ಈಗ ಬಹಳ ಮುಖ್ಯವಾದದ್ದು. ಟ್ರೇ ಕೆಲಸ ಮಾಡುವುದು ಬಾಯಲ್ಲಿ ಇದ್ದಾಗ ಮಾತ್ರ. ದಿನಕ್ಕೆ 20ರಿಂದ 22 ಗಂಟೆ ಹಾಕಿರಬೇಕು. ತಿನ್ನುವಾಗ, ಬಿಸಿಯಾದದ್ದು ಕುಡಿಯುವಾಗ, ಹಲ್ಲುಜ್ಜುವಾಗ ತೆಗೆಯಬೇಕು. ಬಾಯಲ್ಲಿ ಟ್ರೇ ಇದ್ದಾಗ ಬರಿಯ ನೀರು ಬಿಟ್ಟು ಬೇರೇನೂ ಕುಡಿಯಬಾರದು. ನಮ್ಮ ಕಡೆಯ ದಿನಚರಿ ಗೊತ್ತಲ್ಲ. ಬೆಳಿಗ್ಗೆ ಎದ್ದ ತಕ್ಷಣ ಕಾಫಿ, ಆಮೇಲೆ ತಿಂಡಿ, ಹತ್ತೂವರೆಗೆ ಕಷಾಯ, ಊಟ, ಸಂಜೆ ಮತ್ತೆ ಕಾಫಿ, ಜೊತೆಗೆ ಏನಾದರೂ ಕುರುಕಲು, ರಾತ್ರಿ ಊಟ. ಒಂದೊಂದಕ್ಕೆ ಅರ್ಧ ಗಂಟೆ ಹಿಡಿದರೂ ಮೂರು ಗಂಟೆ. ಅದರ ಮೇಲೆ ಮದುವೆ ನಿಶ್ಚಯವಾದ ಹುಡುಗಿ. ಒಬ್ಬೊಬ್ಬರೂ ಊಟಕ್ಕೆ ಕರೆಯುತ್ತಾರೆ. ಹೋದ ಮನೆಯಲ್ಲೆಲ್ಲ ಆಸರಿಗೆ, ಅಂದರೆ ಕುಡಿಯಲು, ಏನು ಅಂತ ಕೇಳುತ್ತಾರೆ, ಬೇಡ ಅಂದರೆ ಬಿಡುವುದಿಲ್ಲ. ಊಟವಾದ ಮೇಲೆ ಮಾತಿಗೆ ಕೂತರೆ ಟ್ರೇ ಡಬ್ಬಿಯಲ್ಲೇ ಉಳಿಯುತ್ತದೆ. ಹೀಗೆ ದಿನಕ್ಕೆ ಹದಿನಾಲ್ಕು ಗಂಟೆಗೆ ಇಳಿದರೆ, ಸರಿದ ಹಲ್ಲು ಅಷ್ಟಷ್ಟೇ ವಾಪಸ್ ಹೋಗುತ್ತಿರುತ್ತದೆ. ಮುಂದಿನ ಟ್ರೇ ಸರಿಯಾಗಿ ಕೂರುವುದಿಲ್ಲ, ಹಲ್ಲಿನ ತುದಿಗೂ ಪ್ಲಾಸ್ಟಿಕ್ಕಿಗೂ ನಡುವೆ ಸಂದಿ ಕಾಣುತ್ತದೆ. ಆಗ ಡಾಕ್ಟರ್ ಹಳೆಯ ಟ್ರೇಯನ್ನೇ ಇನ್ನೂ ಕೆಲವು ದಿನ ಹಾಕು ಅನ್ನುತ್ತಾರೆ. ತಿಂಗಳುಗಳು ಉದ್ದವಾಗುವುದು ಹೆಚ್ಚಾಗಿ ಹೀಗೆಯೇ.

ಟ್ರೇ ಕಳೆದುಹೋಗುವುದೂ ಇದೆ. ಊಟದ ಎಲೆಯ ಪಕ್ಕದಲ್ಲಿ ಪೇಪರಿನಲ್ಲಿ ಸುತ್ತಿ ಇಟ್ಟರೆ ಎಲೆಯ ಜೊತೆಗೇ ಹೋಗಿಬಿಡುತ್ತದೆ. ಡಬ್ಬಿ ಯಾವಾಗಲೂ ಕೈಚೀಲದಲ್ಲಿ ಇರಲಿ. ಹಿಂದಿನ ಟ್ರೇ ಎಸೆಯಬಾರದು, ಕಳೆದರೆ ಸದ್ಯಕ್ಕೆ ಅದು ಬೇಕಾಗುತ್ತದೆ. ಬಿಸಿನೀರಿನಲ್ಲಿ ತೊಳೆಯಲೇಬಾರದು, ಆಕಾರ ಕೆಡುತ್ತದೆ. ತಣ್ಣೀರು ಸಾಕು. ಪುಟ್ಟಿ ಎಲೆಅಡಿಕೆಯ ಕವಳ ಹಾಕುವವಳಲ್ಲ, ಗೊತ್ತು. ಆದರೆ ಔತಣದ ಮನೆಯಲ್ಲಿ ಒಂದು ಬೀಡಾ ತಿಂದರೂ ಬಾಯಿ ಚೆನ್ನಾಗಿ ಮುಕ್ಕಳಿಸಿ ಟ್ರೇ ಹಾಕಲಿ. ಅರಿಶಿನದ ಸಾರು, ಕಾಫಿ, ಅಡಿಕೆ, ಎಲ್ಲದರ ಕಲೆಯೂ ಅದಕ್ಕೆ ಹಿಡಿಯುತ್ತದೆ.

ಚಿಕ್ಕಪ್ಪ ಬರೆದಿದ್ದರು, ತಂತಿ ಹಾಕಿದರೆ ಕಡಿಮೆ ಖರ್ಚು, ಬೇಗವೂ ಆಗುತ್ತದಲ್ಲ ಅಂತ. ಚಿಕ್ಕಪ್ಪ ಹೇಳಿದ್ದರಲ್ಲಿ ಹುರುಳಿದೆ. ಸಣ್ಣಪುಟ್ಟ ಓರೆಗೆ ಅಲೈನರ್ ಬೇಗ ಮುಗಿಯಬಹುದು. ಪುಟ್ಟಿಯಂಥ ಕೋರೆಹಲ್ಲಿಗೆ ತಂತಿಯೇ ಪಳಗಿದ ದಾರಿ. ತಂತಿ ತೆಗೆದಿಡಲು ಬರುವುದಿಲ್ಲ, ಹಾಗಾಗಿ ಇಪ್ಪತ್ನಾಲ್ಕು ಗಂಟೆಯೂ ಎಳೆಯುತ್ತದೆ. ಮದುವೆ ಫೋಟೊದಲ್ಲಿ ತಂತಿ ಕಾಣುವುದು ಬೇಡ ಅಂದರೆ ಹಲ್ಲಿನ ಬಣ್ಣದ ಸೆರಾಮಿಕ್ ಬ್ರೇಸಸ್ ಇದೆ. ಕಷ್ಟದ ಭಾಗವನ್ನು ತಂತಿಯಲ್ಲಿ ಮಾಡಿಸಿ ಉಳಿದದ್ದನ್ನು ಅಲೈನರ್‌ನಲ್ಲಿ ಮುಗಿಸುವವರೂ ಇದ್ದಾರೆ. ಇದನ್ನು ಕೇಳಬೇಕಾದದ್ದು ಆರ್ಥೊಡಾಂಟಿಸ್ಟ್ ಹತ್ತಿರ. ಬಿಡಿಎಸ್ ಆದಮೇಲೆ ಮೂರು ವರ್ಷ ಹಲ್ಲು ಸರಿಸುವುದನ್ನೇ ಓದಿ ಎಂಡಿಎಸ್ ಮಾಡಿದವರು. ನಾನು ಹಲ್ಲಿನ ಡಾಕ್ಟರ್ ಹೌದು, ಅದರ ಸ್ಪೆಷಲಿಸ್ಟ್ ಅಲ್ಲ. ನನ್ನ ಅಣ್ಣನ ಮಗಳಾದ್ದರಿಂದಲೇ ಇದನ್ನು ಒತ್ತಿ ಹೇಳುತ್ತಿದ್ದೇನೆ. ಶಿವಮೊಗ್ಗದಲ್ಲೇ ಅಂಥವರು ಇದ್ದಾರೆ. ಡೆಂಟಲ್ ಕಾಲೇಜಿನಲ್ಲೂ ಆ ವಿಭಾಗ ಇದೆ. ಎರಡು ಕಡೆ ತೋರಿಸಿದರೆ ತಪ್ಪೇನಿಲ್ಲ.

ಮನೆಗೇ ಕಿಟ್ ತರಿಸಿಕೊಂಡು ಆನ್‌ಲೈನಿನಲ್ಲೇ ಮುಗಿಸಬಹುದು ಅಂತ ಬೆಂಗಳೂರಿನಿಂದ ಒಬ್ಬರು ಲಿಂಕ್ ಹಾಕಿದ್ದರು. ದಯವಿಟ್ಟು ಬೇಡ. ಅಮೆರಿಕದಲ್ಲಿ ಸ್ಮೈಲ್‌ಡೈರೆಕ್ಟ್‌ಕ್ಲಬ್ ಅಂತ ಇಂಥದ್ದೇ ದೊಡ್ಡ ಕಂಪನಿ ಇತ್ತು. 2023ರ ಡಿಸೆಂಬರ್‌ನಲ್ಲಿ ಬಾಗಿಲು ಹಾಕಿತು. ಅರ್ಧ ಹಲ್ಲು ಸರಿದಿದ್ದವರು ನಡುದಾರಿಯಲ್ಲಿ ಉಳಿದರು. ಎದುರಿಗೆ ಕೂತು ವಸಡು, ಎಕ್ಸ್‌ರೇ ನೋಡುವ ಡಾಕ್ಟರ್ ಇರಲೇಬೇಕು.

ಕ್ಲಿನಿಕ್‌ನಲ್ಲಿ ಕಂಪ್ಯೂಟರಿನಲ್ಲಿ ವಿಡಿಯೊ ತೋರಿಸುತ್ತಾರೆ, ಹಲ್ಲು ಚಂದವಾಗಿ ಸಾಲಿಗೆ ಬಂದು ನಿಲ್ಲುತ್ತದೆ. ಅದು ಪ್ಲ್ಯಾನ್ ಮಾತ್ರ. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಇನ್‌ವಿಸಲೈನ್ ಅನ್ನುವ ಬ್ರ್ಯಾಂಡಿನ ಅಲೈನರ್ ಟ್ರೇಗಳ ಮೊದಲ ಸಾಲಿಗೆ ಕಂಪ್ಯೂಟರ್ ಅಂದಾಜಿಸಿದ್ದರಲ್ಲಿ ಸರಾಸರಿ ಅರ್ಧದಷ್ಟು ಮಾತ್ರ ಬಾಯಲ್ಲಿ ಆಗಿತ್ತು. ಉಳಿದದ್ದಕ್ಕೆ ಮತ್ತೆ ಸ್ಕ್ಯಾನ್ ಮಾಡಿ ಇನ್ನಷ್ಟು ಟ್ರೇ ಮಾಡಿಸುತ್ತಾರೆ, ರಿಫೈನ್‌ಮೆಂಟ್ ಅಂತ. ತುಂಬಾ ಜನರಿಗೆ ಒಂದು ಸಲವಾದರೂ ಇದು ಬೇಕಾಗುತ್ತದೆ. ಡಾಕ್ಟರ್ ಕೆಲಸ ಕೆಟ್ಟಿತು ಅಂತ ಅಲ್ಲ, ಅದು ಚಿಕಿತ್ಸೆಯದ್ದೇ ಭಾಗ. ಆದರೆ ಹೊಸ ಟ್ರೇ ಬರಲು ಕೆಲವು ವಾರ, ಅದನ್ನು ಹಾಕಿ ಮುಗಿಸಲು ಕೆಲವು ತಿಂಗಳು ಸೇರುತ್ತದೆ. ಅದರ ದುಡ್ಡು ಮೊದಲ ಪ್ಯಾಕೇಜಿನಲ್ಲಿ ಸೇರಿದೆಯಾ ಅಂತ ಬರೆಸಿಕೊಳ್ಳಿ.

ಎಲ್ಲ ಮುಗಿದ ಮೇಲೂ, ಹಲ್ಲು ವಾಪಸ್ ಹೋಗದಂತೆ ಹಿಡಿದಿಡುವ ರಿಟೇನರ್ ಇದೆ. ಇದನ್ನು ಜಾಹೀರಾತಿನಲ್ಲಿ ಹೇಳುವುದಿಲ್ಲ. ಹೊಸದಾಗಿ ನೆಟ್ಟ ಅಡಿಕೆ ಸಸಿ ಬೇರು ಹಿಡಿಯುವ ತನಕ ಅಲುಗಾಡುತ್ತದಲ್ಲ, ಸರಿದ ಹಲ್ಲೂ ಹಾಗೆಯೇ. ಸುತ್ತಲಿನ ನಾರು ಹೊಸ ಜಾಗಕ್ಕೆ ಒಗ್ಗಲು ತಿಂಗಳುಗಟ್ಟಲೆ ಬೇಕು, ಅಲ್ಲಿಯ ತನಕ ಹಳೆಯ ಕಡೆಗೇ ಎಳೆಯುತ್ತದೆ. ಮೊದಲ ಕೆಲವು ತಿಂಗಳು ಹೆಚ್ಚು ಹೊತ್ತು, ಆಮೇಲೆ ರಾತ್ರಿ ಹೊತ್ತು, ವರ್ಷಗಟ್ಟಲೆ ಹಾಕಬೇಕು. ಅಂದಹಾಗೆ ಇನ್‌ವಿಸಲೈನ್ ಹುಟ್ಟಿದ್ದೂ ರಿಟೇನರ್‌ನಿಂದಲೇ. ತಂತಿ ತೆಗೆಸಿ ರಿಟೇನರ್ ಹಾಕುತ್ತಿದ್ದ ಜಿಯಾ ಚಿಷ್ಟಿ ಅನ್ನುವವರಿಗೆ, ಇಂಥ ಪ್ಲಾಸ್ಟಿಕ್ಕಿನಿಂದಲೇ ಹಲ್ಲು ಸರಿಸಬಹುದಲ್ಲ ಅಂತ ಹೊಳೆಯಿತು. 1997ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕೆಲ್ಸಿ ವರ್ತ್ ಜೊತೆ ಸೇರಿ ಕಂಪನಿ ಶುರು ಮಾಡಿದರು.

ಮದುವೆ ದಿನದ ಬಗ್ಗೆ ಚಿಂತೆ ಬೇಡ ಅತ್ತಿಗೆ. ಚಿಕಿತ್ಸೆ ಅರ್ಧದಲ್ಲಿದ್ದರೂ ತೊಂದರೆ ಇಲ್ಲ. ಮುಹೂರ್ತ, ಫೋಟೊ, ಊಟದ ಹೊತ್ತಿಗೆ ಟ್ರೇ ತೆಗೆದಿಡಲಿ, ಉಳಿದ ಹೊತ್ತು ಹಾಕಿಕೊಳ್ಳಲಿ. ಆ ವಾರ ಹೊಸ ಟ್ರೇಗೆ ಹೋಗದೆ ಇದ್ದದ್ದನ್ನೇ ಮುಂದುವರಿಸಬಹುದಾ ಅಂತ ಡಾಕ್ಟರಿಗೆ ಮೊದಲೇ ಕೇಳಿಡಿ. ಹೊಸ ಟ್ರೇಯ ಮೊದಲ ಒಂದೆರಡು ದಿನ ಹಲ್ಲು ನೋಯುತ್ತದೆ, ಹೋಳಿಗೆ ಕಚ್ಚುವುದೂ ಕಷ್ಟ.

ಮದುವೆ ಆದಮೇಲೆ ಪುಟ್ಟಿ ಎಲ್ಲಿರುತ್ತಾಳೆ ಅನ್ನುವುದನ್ನೂ ಈಗಲೇ ಯೋಚಿಸಿ. ಬೆಂಗಳೂರಾದರೆ ತಪಾಸಣೆಗೆ ರೈಲಿನಲ್ಲಿ ಬಂದುಹೋಗಬಹುದು, ಆಗಾಗ ತೋರಿಸಬೇಕಾಗುತ್ತದೆ. ಹೊರದೇಶ ಅಂತಾದರೆ ಅಲ್ಲಿಯ ಡಾಕ್ಟರ್ ನಡುವಿನಿಂದ ಕೈಗೆತ್ತಿಕೊಳ್ಳುವುದು ಸುಲಭವಲ್ಲ, ಖರ್ಚೂ ಬೇರೆ. ಆಗ ಅಲ್ಲಿ ಹೋಗಿ ನೆಲೆಯಾದ ಮೇಲೆ ಶುರು ಮಾಡುವುದೇ ಒಳ್ಳೆಯದು.

ಕೊನೆಯದಾಗಿ, ಇದು ಪುಟ್ಟಿಗೇ ಬೇಕಾ ಅಂತ ಅವಳನ್ನೊಮ್ಮೆ ಕೂರಿಸಿ ಕೇಳಿ. ಗಂಡಿನ ಕಡೆಯವರು ಏನೋ ಅಂದರು, ಯಾರೋ ಫೋಟೊ ನೋಡಿ ಹೇಳಿದರು ಅಂತ ಆದರೆ ಬೇಡ. ದಿನಕ್ಕೆ 22 ಗಂಟೆ ಅದನ್ನು ಹಾಕಿಕೊಳ್ಳಬೇಕಾದವಳು ಅವಳು. ಅವಳಿಗೆ ಮನಸ್ಸಿದ್ದರೆ ಒಂದೂವರೆ ವರ್ಷ ಹೋದದ್ದೇ ಗೊತ್ತಾಗುವುದಿಲ್ಲ. ಮನಸ್ಸಿಲ್ಲದಿದ್ದರೆ ಟ್ರೇ ಡಬ್ಬಿಯಲ್ಲೇ ಇರುತ್ತದೆ. ನನ್ನ ಕಣ್ಣಿಗಂತೂ ಆ ಕೋರೆಹಲ್ಲಿನ ನಗು ಚಂದವೇ. ಅವಳು ಬೇಕು ಅಂದರೆ ನಾನೇ ಜೊತೆಗೆ ಬರುತ್ತೇನೆ.

ಭಾನುವಾರ ನಾನು ಮನೆಯಲ್ಲೇ ಇರುತ್ತೇನೆ. ಅಣ್ಣ ಮಂಡಿಗೆ ಬರುವ ದಿನವಾದರೂ ಸರಿ, ತೀರ್ಥಹಳ್ಳಿಯಿಂದ ಅವಳನ್ನು ಕರೆತನ್ನಿ. ಹಳೆಯ ಎಕ್ಸ್‌ರೇ ಇದ್ದರೆ ತನ್ನಿ. ಆ ಕ್ಲಿನಿಕ್‌ನವರು ಕೊಟ್ಟ ಕಾಗದವನ್ನೂ ತನ್ನಿ, ಟ್ರೇ ಎಷ್ಟು ಅಂತ ಬರೆದಿದ್ದಾರಾ ನೋಡೋಣ. ರಿಯಾಯಿತಿ ಮುಗಿಯುತ್ತದೆ ಅಂತ ಫೋನ್ ಮಾಡಿದರೆ, ಮನೆಯಲ್ಲಿ ಮಾತಾಡಿ ಹೇಳುತ್ತೇವೆ ಅಂದುಬಿಡಿ.