ಬೋನ್ ಸ್ಕ್ಯಾನಿನ ಹೊಳಪು ನೋಡಿ ಮೂಳೆಯ ಕೆಲಸ ಅಳೆಯಬಹುದಾ?

ಪ್ರಶ್ನೆ: ನಾನು ಎಂ.ಎಸ್ಸಿ ಫಿಸಿಕ್ಸ್ ಓದುತ್ತಿದ್ದೇನೆ. ಪ್ರಾಜೆಕ್ಟಿಗೆ ಫ್ಲೋರೈಡ್-18 ಪೆಟ್ ಸ್ಕ್ಯಾನಿನ 60 ನಿಮಿಷದ ಡೇಟಾ ಸಿಕ್ಕಿದೆ. ಬೆನ್ನುಮೂಳೆ ಟ್ರೇಸರನ್ನು (ಸೂಜಿಯಲ್ಲಿ ಕೊಡುವ ವಿಕಿರಣಶೀಲ ಫ್ಲೋರೈಡನ್ನು) ಹೇಗೆ ಹೀರುತ್ತದೆ ಅಂತ ಮಾಡೆಲ್ ಕಟ್ಟಬೇಕು. ಆದರೆ ಎಸ್‌ಯುವಿ ಅನ್ನುವ ಸಂಖ್ಯೆ ಮೆಷಿನ್ನೇ ಕೊಡುತ್ತದೆ. ಅದು ಜಾಸ್ತಿ ಇದ್ದರೆ ಮೂಳೆ ಚುರುಕಾಗಿದೆ ಅಂತ ತಾನೇ? ಮಾಡೆಲ್ ಯಾಕೆ ಬೇಕು?

ಉತ್ತರ (ಮೆಡಿಕಲ್ ಫಿಸಿಸಿಸ್ಟ್, ನ್ಯೂಕ್ಲಿಯರ್ ಮೆಡಿಸಿನ್): ಎಷ್ಟೋ ಸಲ ಹಾಗೇ, ಆದರೆ ಕೈ ಕೊಡುವ ಸಂದರ್ಭಗಳೂ ಇವೆ. ಒಂದು ಜಾಗದಲ್ಲಿ ಇರುವ ಟ್ರೇಸರನ್ನು, ಕೊಟ್ಟ ಡೋಸ್ ಮತ್ತು ದೇಹದ ತೂಕಕ್ಕೆ ಹೊಂದಿಸಿದರೆ ಎಸ್‌ಯುವಿ. ಆ ಹೊತ್ತಿನಲ್ಲಿ ರಕ್ತದಲ್ಲಿ ಎಷ್ಟು ಟ್ರೇಸರ್ ಇತ್ತು ಅಂತ ಅದು ಕೇಳುವುದೇ ಇಲ್ಲ.

ಲಂಡನ್ನಿನ ಗುಂಪೊಂದು 2011ರಲ್ಲಿ ಪ್ರಕಟಿಸಿದ ಕೆಲಸ ಇದಕ್ಕೆ ಒಳ್ಳೆಯ ಉದಾಹರಣೆ. ಮೂಳೆ ಸವೆದ (ಆಸ್ಟಿಯೊಪೊರೋಸಿಸ್ ಇದ್ದ) ಮಹಿಳೆಯರಿಗೆ 6 ತಿಂಗಳು ಟೆರಿಪ್ಯಾರಟೈಡ್ ಕೊಟ್ಟರು. ಅದು ಹೊಸ ಮೂಳೆ ಕಟ್ಟಿಸುವ ಔಷಧ. ಮಾಡೆಲ್ ಪ್ರಕಾರ ಬೆನ್ನುಮೂಳೆ ಹೀರುವ ವೇಗ ಸುಮಾರು ಶೇ. 24 ಏರಿತ್ತು. ಎಸ್‌ಯುವಿ ಮಾತ್ರ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು! ಪಂಕ್ತಿಯಲ್ಲಿ ಎಲ್ಲರ ಹಸಿವೂ ಒಟ್ಟಿಗೆ ಏರಿದರೆ ಪಾಯಸ ಬೇಗ ಖಾಲಿಯಾಗುತ್ತದೆ. ಹಾಗಂತ ಒಬ್ಬೊಬ್ಬರ ಎಲೆಗೆ ಬಿದ್ದ ಪಾಲು ಅಷ್ಟೇನೂ ಹೆಚ್ಚುವುದಿಲ್ಲ. ಇಲ್ಲೂ ಹಾಗೇ ಆಯಿತು. ಇಡೀ ಅಸ್ಥಿಪಂಜರ ಜೋರಾಗಿ ಎಳೆದುಕೊಂಡಿತು, ರಕ್ತದ ಮಟ್ಟ ಬೇಗ ಇಳಿಯಿತು, ಚಿತ್ರದ ಹೊಳಪು ಬದಲಾಗಲಿಲ್ಲ.

ಈಗ ಮಾಡೆಲ್. 1992ರಲ್ಲಿ ಯುಸಿಎಲ್‌ಎಯ ಹಾಕಿನ್ಸ್ ಮತ್ತು ಸಂಗಡಿಗರು ಕೊಟ್ಟ ಚೌಕಟ್ಟನ್ನೇ ಇವತ್ತಿಗೂ ಬಳಸುತ್ತೇವೆ. ಮೂರು ಮನೆಗಳು: ಪ್ಲಾಸ್ಮಾ (ರಕ್ತದ ದ್ರವ ಭಾಗ), ಮೂಳೆಯೊಳಗಿನ ದ್ರವ, ಮೂಳೆಯ ಖನಿಜ. ಪ್ಲಾಸ್ಮಾದಿಂದ ದ್ರವಕ್ಕೆ ಬರುವ ವೇಗ ಕೆ1, ವಾಪಸ್ ಹೋಗುವ ವೇಗ ಕೆ2. ದ್ರವದಿಂದ ಖನಿಜಕ್ಕೆ ಅಂಟುವುದು ಕೆ3, ಬಿಟ್ಟು ಬರುವುದು ಕೆ4. ಅಂಟುವುದು ಅಂದರೆ ಹೈಡ್ರಾಕ್ಸಿಅಪಟೈಟ್ ಅನ್ನುವ ಮೂಳೆ ಖನಿಜದ ಹರಳಿನಲ್ಲಿ ಹೈಡ್ರಾಕ್ಸಿಲ್ ಇದ್ದ ಜಾಗಕ್ಕೆ ಫ್ಲೋರೈಡ್ ಹೋಗಿ ಕೂರುವುದು. ನಿಮಗೆ ಬೇಕಾದ ಸಂಖ್ಯೆ ಕೆಐ = ಕೆ1 × ಕೆ3 ÷ (ಕೆ2 + ಕೆ3). ಸೊಂಟದ ಕಶೇರುಗಳಲ್ಲಿ ಇದು 0.03ರ ಆಸುಪಾಸು ಬರುತ್ತದೆ. ಅಂದರೆ ಒಂದು ಮಿಲಿಲೀಟರ್ ಮೂಳೆ ನಿಮಿಷಕ್ಕೆ 0.03 ಮಿಲಿಲೀಟರ್ ಪ್ಲಾಸ್ಮಾವನ್ನು ಫ್ಲೋರೈಡಿನಿಂದ ಖಾಲಿ ಮಾಡುತ್ತದೆ.

ಲೆಕ್ಕ ಕೆಡುವುದು ಸಮೀಕರಣದಲ್ಲಲ್ಲ, ರಕ್ತದ ಕರ್ವಿನಲ್ಲಿ, ಅಂದರೆ ರಕ್ತದಲ್ಲಿನ ಟ್ರೇಸರ್ ಹೊತ್ತು ಕಳೆದಂತೆ ಹೇಗೆ ಬದಲಾಯಿತು ಅನ್ನುವ ಗೆರೆಯಲ್ಲಿ. ಅಪಧಮನಿಗೆ ಸೂಜಿ ಹಾಕಿ ಪದೇ ಪದೇ ರಕ್ತ ತೆಗೆಯಲು ಯಾರೂ ಸುಲಭಕ್ಕೆ ಒಪ್ಪುವುದಿಲ್ಲ. ಅದಕ್ಕೇ ಚಿತ್ರದಲ್ಲಿರುವ ಮಹಾಪಧಮನಿಯಿಂದಲೇ ಕರ್ವ್ ತೆಗೆಯುತ್ತಾರೆ. ಅದು ಇಡೀ ರಕ್ತದ ಕರ್ವ್, ಪ್ಲಾಸ್ಮಾದ್ದಲ್ಲ. ಫ್ಲೋರೈಡಿನಲ್ಲಿ ಸುಮಾರು ಶೇ. 30 ಕೆಂಪು ಕಣಗಳೊಳಗೆ ಇರುತ್ತದೆ. ಆ ತಿದ್ದುಪಡಿ ಮಾಡದೆ ಮಾಡೆಲನ್ನು ಡೇಟಾಗೆ ಹೊಂದಿಸಿದರೆ (ಫಿಟ್ ಮಾಡಿದರೆ) ಕೆಐ ತಪ್ಪೇ ಬರುತ್ತದೆ, ಕರ್ವ್ ಎಷ್ಟೇ ಚೆನ್ನಾಗಿ ಕೂತರೂ.

ಇನ್ನೊಬ್ಬ ಸದಸ್ಯರು: ಮಧ್ಯೆ ಬಾಯಿ ಹಾಕುತ್ತಿದ್ದೇನೆ. ಅಮ್ಮನಿಗೆ ಟೆಕ್ನೀಷಿಯಂ ಬೋನ್ ಸ್ಕ್ಯಾನ್ ಆಯಿತು. ಇಂಜೆಕ್ಷನ್ ಕೊಟ್ಟು 3 ಗಂಟೆ ಸುಮ್ನೆ ಕೂರಿಸಿದರು. ರಿಪೋರ್ಟಿನಲ್ಲಿ ಮಂಡಿ ಹೊಳೆಯುತ್ತಿದೆ ಅಂತಿದೆ. ಕ್ಯಾನ್ಸರಾ?

ಉತ್ತರ: ಹೊಳಪು ಅಂದರೆ ಅಲ್ಲಿ ಮೂಳೆ ರಿಪೇರಿ ನಡೆಯುತ್ತಿದೆ ಅಂತ ಅಷ್ಟೇ. ವಯಸ್ಸಾದವರ ಮಂಡಿಯಲ್ಲಿ ಸವೆತದಿಂದ ಹೀಗೆ ಕಾಣುವುದು ತೀರಾ ಮಾಮೂಲಿ. ಆದರೂ ಚಿತ್ರ ನೋಡದೆ ನಾನು ತೀರ್ಪು ಕೊಡಬಾರದು. ಸ್ಕ್ಯಾನ್ ಬರೆದುಕೊಟ್ಟ ಡಾಕ್ಟರನ್ನೇ ಕೇಳಿ. ಕಾಯಿಸಿದ್ದಕ್ಕೆ ಕಾರಣ ಇದೆ. ಎಂಡಿಪಿ ಅನ್ನುವ ಆ ಔಷಧದ ಸುಮಾರು ಅರ್ಧ ಪಾಲು ಮೂಳೆಗೆ ಹೋಗುತ್ತದೆ. ಉಳಿದದ್ದನ್ನು ಮೂತ್ರಪಿಂಡ ಹೊರಹಾಕುವವರೆಗೆ ಮೂಳೆ ಸ್ಪಷ್ಟವಾಗಿ ಕಾಣುವುದಿಲ್ಲ. ಟೆಕ್ನೀಷಿಯಂನ ಅರ್ಧಾಯು 6 ಗಂಟೆ, ಹಾಗಾಗಿ ಕಾಯಬಹುದು.

ಪಾವಗಡದ ಸದಸ್ಯರು: ನಮ್ಮೂರಿನ ಬೋರ್‌ವೆಲ್ ನೀರಿನ ಫ್ಲೋರೈಡೂ ಇದೇ ತಾನೇ? ಅದನ್ನೇ ಸೂಜಿಯಲ್ಲಿ ಕೊಡುತ್ತಾರಾ?

ಉತ್ತರ: ರಸಾಯನಶಾಸ್ತ್ರದ ಮಟ್ಟಿಗೆ ಅದೇ ಫ್ಲೋರೈಡ್. ಮೂಳೆಗೆ ಹೋಗಿ ಕೂರುವ ದಾರಿಯೂ ಅದೇ. ಪ್ರಮಾಣ ಮಾತ್ರ ಹೋಲಿಸುವ ಹಾಗೇ ಇಲ್ಲ. ಒಂದು ಡೋಸ್‌ನಲ್ಲಿರುವ ವಿಕಿರಣ ಪರಮಾಣುಗಳ ಒಟ್ಟು ತೂಕ ಒಂದು ನ್ಯಾನೊಗ್ರಾಮಿಗಿಂತ ಕಡಿಮೆ, 110 ನಿಮಿಷಕ್ಕೊಮ್ಮೆ ಅದೂ ಅರ್ಧಕ್ಕಿಳಿಯುತ್ತದೆ. ನಿಮ್ಮ ನೀರಿನದು ಲೀಟರಿಗೆ ಮಿಲಿಗ್ರಾಮ್ ಲೆಕ್ಕ, ಅದೂ ವರ್ಷಗಟ್ಟಲೆ. ಫ್ಲೋರೋಸಿಸ್ (ಫ್ಲೋರೈಡ್ ಹೆಚ್ಚಾಗಿ ಹಲ್ಲು, ಮೂಳೆ ಕೆಡುವ ರೋಗ) ಭಯಕ್ಕೆ ಸ್ಕ್ಯಾನ್ ಬಿಡಬೇಡಿ, ನೀರು ಪರೀಕ್ಷೆ ಮಾಡಿಸಿ.

ಮೊದಲ ಪ್ರಶ್ನೆ ಕೇಳಿದವರು: ಥ್ಯಾಂಕ್ಸ್ ಸರ್. ಕೆ4 ಸೊನ್ನೆ ಅಂತ ಇಟ್ಟುಕೊಂಡು ಪ್ಯಾಟ್ಲಾಕ್ ಪ್ಲಾಟ್ ಹಾಕಿದರೆ ಸಾಕಾ?

ಉತ್ತರ: ಎರಡನ್ನೂ ಮಾಡಿ. ಕೆ4 ತೀರಾ ಚಿಕ್ಕದು, ಡೇಟಾ ಗಲೀಜಾಗಿದ್ದರೆ ನಾಲ್ಕು ಸಂಖ್ಯೆಗಳ ಫಿಟ್ ಎಲ್ಲೆಲ್ಲೋ ಹೋಗುತ್ತದೆ. ಪ್ಯಾಟ್ಲಾಕ್ ಅಂದರೆ ನೇರ ಗೆರೆ, ಇಳಿಜಾರೇ ಕೆಐ, ಹಾಗಾಗಿ ಅಷ್ಟು ತೊಂದರೆ ಕೊಡುವುದಿಲ್ಲ. 10ನೇ ನಿಮಿಷದಿಂದ 60ರವರೆಗಿನ ಬಿಂದುಗಳನ್ನು ತೆಗೆದುಕೊಳ್ಳಿ. ಸ್ವಲ್ಪ ಫ್ಲೋರೈಡ್ ವಾಪಸ್ ಹೋಗುವುದರಿಂದ ಪ್ಯಾಟ್ಲಾಕಿನ ಉತ್ತರ ಪೂರ್ತಿ ಫಿಟ್‌ಗಿಂತ ಕೊಂಚ ಕಡಿಮೆ ಬರಬೇಕು. ಉಲ್ಟಾ ಬಂದರೆ ಕೋಡ್ ತಿದ್ದುವ ಮೊದಲು ನಿಮ್ಮ ಪ್ಲಾಸ್ಮಾ ಕರ್ವನ್ನು ಇಲ್ಲಿ ಹಾಕಿ, ನೋಡೋಣ.